ಶಿಶುಪಾಲನಾ ಕೇಂದ್ರದಲ್ಲಿ ಪುಟ್ಟ ಮಗು ಕಚ್ಚಿದರೆ, ಹೊಡೆದರೆ ನಾವೇನು ಮಾಡಬೇಕು?

ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿಗೆ ಮೊದಲು ಕಾಣುವುದು ಮಗುವಿನ ತೋಳಿನ ಮೇಲಿನ ಹಲ್ಲಿನ ಗುರುತು. "ಯಾರು ಕಚ್ಚಿದ್ದು?" ಎಂದು ಆಕೆ ಕೇಳುತ್ತಾಳೆ. ಉತ್ತರ ಹೇಳಬೇಕಾದ ಕಾರ್ಯಕರ್ತೆ ತಡವರಿಸುತ್ತಾಳೆ. ಕಚ್ಚಿದ ಮಗುವಿನ ತಾಯಿ ಅಲ್ಲೇ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಕಚ್ಚಿದ ಮಗುವಿಗೆ ಇನ್ನೂ ಎರಡು ವರ್ಷ ತುಂಬಿ ನಾಲ್ಕು ತಿಂಗಳು. ಏನಾಯಿತೆಂಬುದು ಅದಕ್ಕೆ ಆಗಲೇ ಮರೆತುಹೋಗಿದೆ.

ಇಂಥ ಸಂಜೆ ಯಾವ ಊರಿಗೂ ಹೊಸದಲ್ಲ. ಆದರೆ ಚಿಕ್ಕ ಊರಿನಲ್ಲಿ ಇದರ ಪರಿಣಾಮ ದೊಡ್ಡದು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಸೋಮನಹಳ್ಳಿಯನ್ನು ನೆನೆಯೋಣ. ಕರಾವಳಿಯ ಓದುಗರಿಗೆ ಇದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹುಟ್ಟೂರೆಂದು ಪರಿಚಿತ. ಅವರ ಹೆಸರಿನ ಮೊದಲಕ್ಷರವೇ ಈ ಊರು. ಸುತ್ತಲೂ ಭತ್ತ, ಕಬ್ಬು, ತೆಂಗು, ಹಿಪ್ಪುನೇರಳೆ. ಜೊತೆಗೆ ಇಲ್ಲೊಂದು ಕೈಗಾರಿಕಾ ಪ್ರದೇಶವೂ ಇದೆ. ಈ ತಾಲೂಕಿನ ಎಷ್ಟೋ ಹೆಣ್ಣುಮಕ್ಕಳು ಇಂದು ಹೊಲದ ಕೂಲಿಯಿಂದ ಕಾರ್ಖಾನೆಯ ಪಾಳಿಗೆ ಬಂದಿದ್ದಾರೆ. ಬೆಳಿಗ್ಗೆ ವ್ಯಾನು ಹತ್ತುವ ಮೊದಲು ಮಗುವನ್ನು ಅಜ್ಜಿಯ ಬಳಿಯೋ, ಅಂಗನವಾಡಿಯಲ್ಲೋ, ಶಿಶುವಿಹಾರದಲ್ಲೋ ಬಿಡಬೇಕು. "ನಿಮ್ಮ ಮಗುವನ್ನು ನಾಳೆಯಿಂದ ಕರೆತರಬೇಡಿ" ಎಂದು ಯಾರಾದರೂ ಹೇಳಿದರೆ ಆ ತಾಯಿಯ ಕೆಲಸವೂ ಹೋಯಿತು. ಜೊತೆಗೆ ಆ ಮಗುವಿಗೆ "ಕಚ್ಚುವವನು" ಎಂಬ ಹೆಸರೂ ಬಂತು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಆ ಹೆಸರು ಒಂದನೇ ತರಗತಿಯವರೆಗೂ ಮಗುವಿನ ಬೆನ್ನು ಬಿಡುವುದಿಲ್ಲ.

ಆದುದರಿಂದ ಈ ವಿಷಯವನ್ನು ಸಿಟ್ಟಿನಿಂದಲೂ ನೋಡಬಾರದು, "ಮಕ್ಕಳಲ್ಲವೇ, ಬಿಡಿ" ಎಂಬ ಉದಾಸೀನದಿಂದಲೂ ನೋಡಬಾರದು. ಏನು ನಡೆಯುತ್ತಿದೆ, ಏಕೆ, ಏನು ಮಾಡಬಹುದು ಎಂದು ಕ್ರಮವಾಗಿ ತಿಳಿಯೋಣ.

ಇದು ಎಷ್ಟು ಸಾಮಾನ್ಯ?

ಮಕ್ಕಳು ಬೆಳೆಯುತ್ತಾ ಹೊಡೆಯುವುದನ್ನು ಕಲಿಯುತ್ತಾರೆಂದು ನಾವು ತಿಳಿದಿರುತ್ತೇವೆ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಮತ್ತು ಅವರ ಸಂಗಡಿಗರು ಮಕ್ಕಳನ್ನು ಹಸುಗೂಸಿನಿಂದಲೇ ವರ್ಷಗಟ್ಟಲೆ ಗಮನಿಸಿ ಬೇರೆಯೇ ಮಾತು ಹೇಳಿದರು. ಕ್ವಿಬೆಕ್ ಪ್ರಾಂತದ 572 ಕುಟುಂಬಗಳ ಮಕ್ಕಳ ಕುರಿತು 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಒಂದೂವರೆ ವರ್ಷದ ಹೊತ್ತಿಗೇ ಹೆಚ್ಚಿನ ಮಕ್ಕಳು ತಳ್ಳುವುದು, ಹೊಡೆಯುವುದು, ಕಸಿಯುವುದನ್ನು ಆರಂಭಿಸಿದ್ದರು. ಮನುಷ್ಯ ಅತಿ ಹೆಚ್ಚು ಬಾರಿ ಕೈ ಎತ್ತುವ ವಯಸ್ಸು ಹದಿಹರೆಯವಲ್ಲ, ಎರಡರಿಂದ ನಾಲ್ಕು ವರ್ಷ. ಆನಂತರ ಹೆಚ್ಚಿನ ಮಕ್ಕಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಕೆಲವೇ ಮಕ್ಕಳಲ್ಲಿ ಮಾತ್ರ ಇಳಿಯದೆ ಉಳಿಯುತ್ತದೆ.

ಇದರ ಅರ್ಥ ಸರಳ. ಹೊಡೆಯುವುದನ್ನು ಮಗುವಿಗೆ ಯಾರೂ ಕಲಿಸಬೇಕಿಲ್ಲ. ಹೊಡೆಯದಿರುವುದನ್ನು ಕಲಿಸಬೇಕು. ನಡೆಯಲು ಕಲಿಯುವ ಮಗು ಬೀಳುತ್ತದೆ. ಜೊತೆಯಲ್ಲಿ ಬದುಕಲು ಕಲಿಯುವ ಮಗು ಕಚ್ಚುತ್ತದೆ, ತಳ್ಳುತ್ತದೆ. ಎರಡು ವರ್ಷದ ಮಗು ಕಚ್ಚಿತೆಂದರೆ ಅದು ಕೆಟ್ಟ ಮಗು ಎಂದಲ್ಲ, ಮುಂದೆ ರೌಡಿಯಾಗುತ್ತದೆ ಎಂದೂ ಅಲ್ಲ. ಕಲಿಸುವ ಕೆಲಸ ಬಾಕಿಯಿದೆ ಎಂದಷ್ಟೇ.

ಏಕೆ ಕಚ್ಚುತ್ತದೆ, ಏಕೆ ಹೊಡೆಯುತ್ತದೆ?

ಎಲ್ಲ ಮಕ್ಕಳೂ ಒಂದೇ ಕಾರಣಕ್ಕೆ ಕಚ್ಚುವುದಿಲ್ಲ. ಕಾರಣ ತಿಳಿಯದೆ ಮಾಡುವ ಉಪಾಯ ಕಣ್ಣು ಮುಚ್ಚಿ ಕಲ್ಲೆಸೆದಂತೆ. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು:

1. ಮಾತಿನ ಕೊರತೆ. ಬೇಕೆನ್ನುವ ಆಸೆ ಬಂದಿದೆ, ಕೇಳುವ ಮಾತು ಬಂದಿಲ್ಲ. "ನಂದು", "ಕೊಡು", "ಬ್ಯಾಡ" ಎನ್ನಲು ಆಗದ ಮಗು ಆ ಮಾತನ್ನು ಹಲ್ಲಿನಿಂದ ಹೇಳುತ್ತದೆ. ದುಡಿಮೆಗಾಗಿ ಬೇರೆ ರಾಜ್ಯದಿಂದ ಬಂದ ಕುಟುಂಬದ ಮಗುವಾದರೆ ಸುತ್ತಲಿನ ಭಾಷೆಯೇ ಅದಕ್ಕೆ ಅರ್ಥವಾಗದು.

2. ಹಸಿವು, ನಿದ್ದೆ, ನೋವು. ಮುಂಜಾನೆ ಐದಕ್ಕೆ ಎಬ್ಬಿಸಿ ಕರೆತಂದ ಮಗು ಹನ್ನೊಂದು ಗಂಟೆಗೆ ಸುಸ್ತಾಗಿರುತ್ತದೆ. ಹಲ್ಲು ಹುಟ್ಟುವಾಗ ಒಸಡು ನವೆಯಾಗುತ್ತದೆ. ಕಿವಿನೋವನ್ನು ಮಗು ಹೇಳಲಾರದು.

3. ಇಕ್ಕಟ್ಟು. ಒಂದು ಚಿಕ್ಕ ಕೋಣೆ, ಇಪ್ಪತ್ತು ಮಕ್ಕಳು, ಒಂದೇ ಮೂರುಗಾಲಿ ಸೈಕಲ್. ದೊಡ್ಡವರಿಗೂ ಅಲ್ಲಿ ತಾಳ್ಮೆ ಉಳಿಯದು.

4. ಪ್ರಯೋಗ. "ನಾನು ಕಚ್ಚಿದರೆ ಅವನು ಅಳುತ್ತಾನೆ, ಟೀಚರ್ ಓಡಿ ಬರುತ್ತಾರೆ, ಆಟಿಕೆ ನನ್ನ ಕೈಯಲ್ಲಿ ಉಳಿಯುತ್ತದೆ." ಲಾಭ ಕಂಡರೆ ಮಗು ಅದನ್ನೇ ಮತ್ತೆ ಮಾಡುತ್ತದೆ.

5. ಮನೆಯಲ್ಲಿ ಬದಲಾವಣೆ. ತಮ್ಮ ಅಥವಾ ತಂಗಿ ಹುಟ್ಟಿದ್ದು, ಅಜ್ಜಿ ಊರಿಗೆ ಹೋದದ್ದು, ಅಪ್ಪ ಅಮ್ಮನ ಜಗಳ, ತಾಯಿಯ ಪಾಳಿ ಬದಲಾದದ್ದು.

6. ನೋಡಿ ಕಲಿತದ್ದು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಒಂದು ಪ್ರಸಿದ್ಧ ಪ್ರಯೋಗ ಮಾಡಿದರು. ದೊಡ್ಡವರು ಗಾಳಿ ತುಂಬಿದ ಬೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಪುಟ್ಟ ಮಕ್ಕಳು ತಾವೂ ಹಾಗೆಯೇ ಹೊಡೆದರು, ಅದೇ ಮಾತುಗಳನ್ನೂ ಆಡಿದರು. ಮನೆಯಲ್ಲಿ ಕೆನ್ನೆಗೆ ಬಿದ್ದ ಏಟು ಕೇಂದ್ರದಲ್ಲಿ ಇನ್ನೊಂದು ಮಗುವಿನ ಕೆನ್ನೆಗೆ ಬೀಳುವುದು ಹೀಗೆ.

ತಾಯಿ ಕೆಲಸಕ್ಕೆ ಹೋಗುವುದೇ ಕಾರಣವೇ?

ಈ ಮಾತು ಬಂದೇ ಬರುತ್ತದೆ. "ಹೆತ್ತವಳು ಮನೆಯಲ್ಲಿ ಇದ್ದಿದ್ದರೆ ಮಗು ಹೀಗಾಗುತ್ತಿತ್ತೇ?" ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನ ಹತ್ತು ಸ್ಥಳಗಳ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಅನುಸರಿಸಿತು. ಮನೆಯವರಲ್ಲದವರ ಆರೈಕೆಯಲ್ಲಿ ಹೆಚ್ಚು ಗಂಟೆ ಕಳೆದ ಮಕ್ಕಳಲ್ಲಿ ಶಾಲೆಗೆ ಸೇರುವ ಹೊತ್ತಿಗೆ ಜಗಳಗಂಟ ನಡತೆ ತುಸು ಹೆಚ್ಚಾಗಿ ಕಂಡಿತು, ನಿಜ. ಆದರೆ ಅದು ಹೆಚ್ಚಿನ ಮಕ್ಕಳಲ್ಲಿ ಆ ವಯಸ್ಸಿಗೆ ಸಹಜವಾದ ಮಿತಿಯೊಳಗೇ ಇತ್ತು. ತಾಯಿಯ ಸ್ಪಂದನೆ ಮತ್ತು ಮನೆಯ ವಾತಾವರಣದ ಪ್ರಭಾವವೇ ಹೆಚ್ಚೆಂದೂ ಕಂಡುಬಂತು.

ದುಡಿಯುವ ತಾಯಿಯನ್ನು ದೂರುವುದರಿಂದ ಮಗುವಿನ ಹಲ್ಲು ನಿಲ್ಲುವುದಿಲ್ಲ. ಕೇಂದ್ರ ಚೆನ್ನಾಗಿರಬೇಕು, ಮನೆಗೆ ಬಂದ ಮೇಲಿನ ಎರಡು ಗಂಟೆ ಮಗುವಿಗೆ ಸಿಗಬೇಕು. ಕೈಗೆಟುಕುವ ದಾರಿ ಇದು.

ನಮ್ಮ ಕೇಂದ್ರಗಳ ಸ್ಥಿತಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮಳವಳ್ಳಿಗೆ ನೆರೆಯ ಟಿ. ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಅಂಗನವಾಡಿಯಲ್ಲಿ ಆಟಪಾಠ ಮುಖ್ಯವಾಗಿ ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರು ವರ್ಷದೊಳಗಿನವರಿಗೆ ಪೌಷ್ಟಿಕ ಆಹಾರ ಮನೆಗೆ ಹೋಗುತ್ತದೆ, ತೂಕ ನೋಡುತ್ತಾರೆ. ಕಚ್ಚುವ ವಯಸ್ಸಿನ ಮಗುವನ್ನು ದಿನವಿಡೀ ನೋಡಿಕೊಳ್ಳಲು ಬೇಕಾದದ್ದು ಶಿಶುಪಾಲನಾ ಕೇಂದ್ರ.

ಈ ಕೊರತೆ ತುಂಬಲೆಂದು ಕೇಂದ್ರ ಸರಕಾರದ 'ಪಾಲನಾ' ಯೋಜನೆ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಶಿಶುವಿಹಾರ ಒದಗಿಸುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯತ್ ಮಟ್ಟದಲ್ಲಿ 'ಕೂಸಿನ ಮನೆ'ಗಳನ್ನು ಆರಂಭಿಸಿತು. ಊರಿನ ಮಹಿಳೆಯರನ್ನೇ ತರಬೇತಿ ಕೊಟ್ಟು ಅಲ್ಲಿ ಆರೈಕೆಗೆ ನೇಮಿಸಿತು.

ಕಟ್ಟಡ ಎಂಥದ್ದಾದರೂ ಇರಲಿ, ಪುಟ್ಟ ಮಗುವಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ಮಡಿಲು. ಆರೈಕೆ ಮಾಡುವವರು ಪದೇಪದೇ ಬದಲಾದರೆ ಮಗು ಯಾರನ್ನು ನಂಬಬೇಕೆಂದು ತಿಳಿಯದೆ ಕಂಗಾಲಾಗುತ್ತದೆ. ಸರದಿಯ ಮೇಲೆ ಕೆಲಸ ಮಾಡುವ ಕಡೆ, ಕನಿಷ್ಠ ಒಬ್ಬರಾದರೂ ಹಳಬರು ಉಳಿಯುವಂತೆ ಸರದಿಯನ್ನು ಜೋಡಿಸಬೇಕು.

ಕಚ್ಚಿದ ಆ ಕ್ಷಣದಲ್ಲಿ

ಮೊದಲ ಎರಡು ನಿಮಿಷ ಬಹಳ ಮುಖ್ಯ. ಕ್ರಮ ಹೀಗಿರಲಿ:

1. ಇಬ್ಬರನ್ನೂ ಬೇರ್ಪಡಿಸಿ, ಶಾಂತವಾಗಿ. ಕೂಗಿದರೆ ಇಡೀ ಕೋಣೆ ಅಳುತ್ತದೆ.

2. ಮೊದಲು ನೋವಾದ ಮಗುವನ್ನು ಎತ್ತಿಕೊಳ್ಳಿ. ಕಚ್ಚಿದ ಮಗುವಿನ ಕಡೆ ಮೊದಲು ತಿರುಗಿದರೆ "ಕಚ್ಚಿದರೆ ಟೀಚರ್ ನನ್ನ ಬಳಿ ಬರುತ್ತಾರೆ" ಎಂಬ ಪಾಠ ಕಲಿತಂತಾಗುತ್ತದೆ.

3. ಗಾಯ ನೋಡಿ. ಚರ್ಮ ಸೀಳದಿದ್ದರೆ ತಣ್ಣೀರಿನ ಬಟ್ಟೆ ಒತ್ತಿ ಹಿಡಿದರೆ ಸಾಕು. ರಕ್ತ ಬಂದಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆದು, ಶುಭ್ರ ಬಟ್ಟೆ ಕಟ್ಟಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮದ್ದೂರಿನ ತಾಲೂಕು ಆಸ್ಪತ್ರೆಗೋ ಅದೇ ದಿನ ತೋರಿಸಬೇಕು. ಲಸಿಕೆಗಳ ವಿವರವಿರುವ ತಾಯಿ ಕಾರ್ಡ್ ಜೊತೆಯಲ್ಲಿರಲಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದನ್ನೂ ಗಾಯಕ್ಕೆ ತುಂಬಬಾರದು. ಕಚ್ಚಿದ ಗಾಯ ಬೇಗ ಕೀವಾಗುತ್ತದೆ.

4. ಬಳಿಕ ಕಚ್ಚಿದ ಮಗುವಿನ ಮುಂದೆ ಮಂಡಿಯೂರಿ, ಕಣ್ಣಿಗೆ ಕಣ್ಣು ಕೊಟ್ಟು, ಎರಡೇ ಮಾತು ಹೇಳಿ: "ಕಚ್ಚಬಾರದು. ನೋವಾಗುತ್ತದೆ." ಎರಡು ವರ್ಷದ ಮಗುವಿಗೆ ಐದು ನಿಮಿಷದ ಬುದ್ಧಿವಾದ ಅರ್ಥವಾಗುವುದಿಲ್ಲ.

5. ಬದಲಿ ಮಾತನ್ನು ಕೊಡಿ. "ಬೇಕಾದರೆ 'ಕೊಡು' ಅನ್ನು. ಕೈ ಚಾಚು. ನನ್ನನ್ನು ಕರೆ." ಬೇಡ ಎಂದಷ್ಟೇ ಹೇಳಿ, ಏನು ಮಾಡಬೇಕೆಂದು ಹೇಳದಿದ್ದರೆ ಮಗು ಮತ್ತೆ ಹಳೆಯ ದಾರಿಗೇ ಬರುತ್ತದೆ.

6. ಕಸಿದುಕೊಂಡ ಆಟಿಕೆಯನ್ನು ಮೊದಲಿದ್ದ ಮಗುವಿಗೆ ಹಿಂದಿರುಗಿಸಿ. ಕಚ್ಚಿದ್ದರಿಂದ ಲಾಭವಾಗಲಿಲ್ಲವೆಂದು ಮಗು ತಿಳಿಯಬೇಕು.

7. ಒತ್ತಾಯದಿಂದ "ಸಾರಿ" ಹೇಳಿಸುವುದು ಬೇಡ. ಒದ್ದೆ ಬಟ್ಟೆ ತರಲು, ಬಿದ್ದ ಆಟಿಕೆ ಎತ್ತಿಕೊಡಲು ಹೇಳಿ. ನೋವಾದವರಿಗೆ ಸಹಾಯ ಮಾಡುವುದೇ ಆ ವಯಸ್ಸಿನ ಕ್ಷಮೆ ಯಾಚನೆ. ನೋವಾದ ಮಗು ಹತ್ತಿರ ಬರಬೇಡವೆಂದರೆ ಅದನ್ನೂ ಗೌರವಿಸಿ.

ಮಾಡಬಾರದ ಕೆಲಸಗಳು

"ನೀನೂ ತಿರುಗಿ ಕಚ್ಚು, ಆಗ ಅವನಿಗೆ ಗೊತ್ತಾಗುತ್ತೆ" ಎಂದು ಹೇಳುವ ಹಿರಿಯರು ಇದ್ದಾರೆ. ಕೆಲವರು ತಾವೇ ಮಗುವಿನ ಕೈ ಕಚ್ಚಿ ತೋರಿಸುತ್ತಾರೆ. ಇದರಿಂದ ಮಗು ಕಲಿಯುವುದು ಒಂದೇ: ದೊಡ್ಡವರೂ ಕಚ್ಚುತ್ತಾರೆ, ಬಲವಿದ್ದವರು ಕಚ್ಚಬಹುದು.

ಬಾಯಿಗೆ ಮೆಣಸಿನಪುಡಿ ಹಚ್ಚುವುದು, ಕತ್ತಲೆ ಕೋಣೆಗೆ ಹಾಕುವುದು, ಕೈ ಕಟ್ಟುವುದು, "ಪೊಲೀಸರಿಗೆ ಹಿಡಿದುಕೊಡುತ್ತೇವೆ" ಎಂದು ಹೆದರಿಸುವುದು, ಊಟ ಕೊಡದಿರುವುದು, ಎಲ್ಲವೂ ಹಿಂಸೆಯೇ. ಮಕ್ಕಳ ನ್ಯಾಯ ಕಾಯಿದೆ 2015ರ 75ನೇ ಕಲಮಿನಂತೆ ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವುದು ಶಿಕ್ಷಾರ್ಹ ಅಪರಾಧ. ಮಗುವಿನ ಪಾಲನೆಗೆಂದೇ ಇರುವ ಸಂಸ್ಥೆಯಲ್ಲಿ ಕೆಲಸ ಮಾಡುವವರು ಇದನ್ನು ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಹೊಡೆಯುವವರು ಬಹಳ ಬಳಸುತ್ತಾರೆ. ತೋಟ ಮಾಡುವವರನ್ನು ಕೇಳಿ ನೋಡಿ. ಎಳೆಯ ಗಿಡವನ್ನು ಯಾರೂ ಹೊಡೆದು ಬಗ್ಗಿಸುವುದಿಲ್ಲ. ಪಕ್ಕದಲ್ಲಿ ಒಂದು ಕೋಲು ನೆಟ್ಟು, ಮೆತ್ತನೆಯ ನಾರಿನಿಂದ ಕಟ್ಟುತ್ತಾರೆ. ನಮ್ಮ ಕೆಲಸ ಆ ಕೋಲಿನಂತೆ ಪಕ್ಕದಲ್ಲಿ ನಿಲ್ಲುವುದು.

ಒಂದು ನೋಟ್‌ಬುಕ್, ಎರಡು ವಾರ

ಪದೇಪದೇ ಕಚ್ಚುವ ಮಗುವಿದ್ದರೆ ಎರಡು ವಾರ ಬರೆದಿಡಿ. ಹೊತ್ತು ಎಷ್ಟು? ಎಲ್ಲಿ? ಅದಕ್ಕೆ ಮುಂಚೆ ಏನು ನಡೆಯಿತು? ಯಾರು ಹತ್ತಿರ ಇದ್ದರು? ಆಮೇಲೆ ಏನಾಯಿತು? ದಿನಕ್ಕೆ ಎರಡು ಸಾಲು ಸಾಕು.

ಉದಾಹರಣೆಗೆ: "11.40. ಕೈ ತೊಳೆಯುವ ಸಾಲು. ಹಿಂದಿನ ಮಗು ತಳ್ಳಿತು. ತೋಳು ಕಚ್ಚಿದ." ಮರುದಿನ: "11.30. ತಟ್ಟೆಗೆ ಕಾಯುವಾಗ. ಕಚ್ಚಿದ." ಮೂರನೆಯ ದಿನ ಏನೂ ಇಲ್ಲ, ಆ ದಿನ ಊಟ ಬೇಗ ಬಡಿಸಿದ್ದರು. ಈಗ ಕಾರಣ ತಾನಾಗಿ ಮೇಲೆ ಬರುತ್ತದೆ. ಹಸಿವು ಮತ್ತು ಸಾಲು. ಈ ಮಗುವಿಗೆ ಹನ್ನೊಂದಕ್ಕೆ ಒಂದು ತುಂಡು ಬಾಳೆಹಣ್ಣು ಕೊಟ್ಟು, ಎಲ್ಲರಿಗಿಂತ ಮೊದಲು ಕೈ ತೊಳೆಸಿದರೆ ಅರ್ಧ ತೊಂದರೆ ಮುಗಿಯಿತು. "ಅವನು ಯಾವಾಗಲೂ ಕಚ್ಚುತ್ತಾನೆ" ಎಂದು ನಾವು ಹೇಳುತ್ತಿರುತ್ತೇವೆ. ಬರೆದಾಗ ಅದು ಯಾವಾಗಲೂ ಅಲ್ಲ, ಊಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ ಎಂದು ತಿಳಿಯುತ್ತದೆ.

ಮುಂಚೆಯೇ ತಡೆಯುವ ಉಪಾಯಗಳು

ಹತ್ತಿರ ಇರುವುದು. ಎರಡು ವಾರ ಒಬ್ಬ ಆರೈಕೆದಾರರು ಆ ಮಗುವಿನಿಂದ ಒಂದು ಕೈ ದೂರದಲ್ಲಿ ಇರಲಿ. ಕೋಣೆಯ ಆಚೆ ತುದಿಯಿಂದ "ಏಯ್" ಎಂದು ಕೂಗುವಷ್ಟರಲ್ಲಿ ಹಲ್ಲು ಊರಿರುತ್ತದೆ. ಹತ್ತಿರವಿದ್ದರೆ ಬಾಯಿ ತೆರೆಯುವ ಮೊದಲೇ ನಡುವೆ ಅಂಗೈ ಇಟ್ಟು, "ಬೇಕಾ? ಕೊಡು ಅನ್ನು" ಎನ್ನಬಹುದು.

ಒಂದೇ ಬಗೆಯ ಆಟಿಕೆ ಎರಡು. ಮೂರು ವರ್ಷದೊಳಗಿನ ಮಕ್ಕಳು ಹಂಚಿಕೊಳ್ಳಲಾರರು. ಹಂಚಿಕೊಳ್ಳುವುದು ಆಮೇಲೆ ಬರುವ ವಿದ್ಯೆ. ಹತ್ತು ಬೇರೆ ಬೇರೆ ಆಟಿಕೆಗಿಂತ ಒಂದೇ ತರಹದ ನಾಲ್ಕು ಡಬ್ಬಿ, ನಾಲ್ಕು ಚೆಂಡು ಮೇಲು.

ಗುಂಪು ಚಿಕ್ಕದು ಮಾಡುವುದು. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂಡಿಸುವ ಬದಲು ಅರ್ಧ ಮಂದಿ ಹೊರಗೆ ಮರದ ನೆರಳಿನಲ್ಲಿ, ಅರ್ಧ ಮಂದಿ ಒಳಗೆ. ಸಹಾಯಕಿ ಒಂದು ಕಡೆ, ಕಾರ್ಯಕರ್ತೆ ಇನ್ನೊಂದು ಕಡೆ.

ಮೈಗೆ ಕೆಲಸ. ಮರಳು, ನೀರು, ಕಲಸಿದ ಗೋಧಿ ಹಿಟ್ಟು ಕೈಗೆ ಕೊಟ್ಟರೆ ಒತ್ತಬಹುದು, ಹಿಚುಕಬಹುದು, ಬಡಿಯಬಹುದು. ಓಡಲು ಜಾಗ ಸಿಕ್ಕ ಮಗು ಕಡಿಮೆ ತಳ್ಳುತ್ತದೆ. ಒಸಡು ನವೆಯಾಗುವ ಮಗುವಿಗೆ ಕಚ್ಚಲು ಶುಭ್ರವಾದ ಒದ್ದೆ ಬಟ್ಟೆ ಇರಲಿ.

ಹಾಡು, ಅಭಿನಯ. ಬಾಯಲ್ಲಿ ಮಾತು ಬಾರದ ಮಗುವಿಗೆ ಕೈಸನ್ನೆ ಬೇಗ ಬರುತ್ತದೆ. ಅಂಗೈ ಚಾಚಿದರೆ "ಕೊಡು", ಅಂಗೈ ತಡೆದರೆ "ಬೇಡ". ಇಡೀ ಗುಂಪಿಗೇ ಇದನ್ನು ಆಟದಂತೆ ಕಲಿಸಿ. ಕಚ್ಚಿಸಿಕೊಳ್ಳುವ ಮಗುವಿಗೂ "ಬೇಡ" ಎಂದು ಗಟ್ಟಿಯಾಗಿ ಹೇಳಲು ಬರಬೇಕು.

ಒಳ್ಳೆಯದನ್ನು ಹಿಡಿಯುವುದು. ಕಚ್ಚದೆ ಕೈ ಚಾಚಿದಾಗ ಅದೇ ಕ್ಷಣ ಹೇಳಿ: "ಕೇಳಿ ತಗೊಂಡೆ, ಜಾಣ." ಮಗು ತಪ್ಪು ಮಾಡಿದಾಗ ಮಾತ್ರ ನಾವು ಅದರ ಕಡೆ ನೋಡಿದರೆ, ನಮ್ಮ ನೋಟಕ್ಕಾಗಿಯೇ ಮಗು ತಪ್ಪು ಮಾಡುತ್ತದೆ.

ಎರಡು ಮನೆಗಳ ನಡುವೆ

ಇದು ಅತ್ಯಂತ ಕಷ್ಟದ ಭಾಗ. ಪಟ್ಟಣದ ಕೇಂದ್ರಗಳಲ್ಲಿ ಕಚ್ಚಿದ ಮಗುವಿನ ಹೆಸರು ಹೇಳಬಾರದೆಂಬ ನಿಯಮ ಇಟ್ಟುಕೊಳ್ಳುತ್ತಾರೆ. ಹಳ್ಳಿಯಲ್ಲಿ ಅದು ನಡೆಯುವುದಿಲ್ಲ. ಸಂಜೆಯೊಳಗೆ ಬೀದಿಗೇ ತಿಳಿದಿರುತ್ತದೆ. ಆದರೂ ಹೇಳುವ ರೀತಿ ನಮ್ಮ ಕೈಯಲ್ಲಿದೆ.

ನೋವಾದ ಮಗುವಿನ ಹೆತ್ತವರಿಗೆ ಮನೆಯಲ್ಲಿ ಗುರುತು ಕಾಣುವ ಮೊದಲೇ ಕೇಂದ್ರದವರು ಹೇಳಬೇಕು. ಏನಾಯಿತು, ಏನು ಚಿಕಿತ್ಸೆ ಮಾಡಿದೆವು, ಮತ್ತೆ ಆಗದಂತೆ ನಾಳೆಯಿಂದ ಏನು ಬದಲಿಸುತ್ತೇವೆ, ಈ ಮೂರನ್ನು ನೇರವಾಗಿ ಹೇಳಬೇಕು. ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ. "ಮಗು ನಮ್ಮ ವಶದಲ್ಲಿದ್ದಾಗ ಆಯಿತು, ಹೊಣೆ ನಮ್ಮದು" ಎಂಬ ಒಂದು ಮಾತು ಅರ್ಧ ಸಿಟ್ಟನ್ನು ಇಳಿಸುತ್ತದೆ. ಅವರ ಸಿಟ್ಟು ನ್ಯಾಯವಾದದ್ದೇ. ಅವರ ಮಗು ಕೇಂದ್ರಕ್ಕೆ ಬರಲು ಹೆದರಿ ಅಳುತ್ತಿದ್ದರೆ ಅದು ಸಣ್ಣ ವಿಷಯವಲ್ಲ.

ಕಚ್ಚಿದ ಮಗುವಿನ ಹೆತ್ತವರ ಜೊತೆ ಬಾಗಿಲಲ್ಲಿ, ಎಲ್ಲರ ಎದುರು ಮಾತಾಡಬಾರದು. ಬೇರೆಯಾಗಿ ಕೂರಿಸಿ, ಮೊದಲು ಆ ಮಗುವಿನ ಒಂದು ಒಳ್ಳೆಯ ಗುಣ ಹೇಳಿ, ನೋಟ್‌ಬುಕ್ ತೋರಿಸಿ. "ಮನೆಯಲ್ಲಿ ಏನಾದರೂ ಬದಲಾಗಿದೆಯೇ? ರಾತ್ರಿ ನಿದ್ದೆ ಹೇಗೆ?" ಎಂದು ಕೇಳಿ. ಮನೆಗೆ ಹೋಗಿ ಮಗುವನ್ನು ಹೊಡೆಯಬೇಡಿರೆಂದು ಸ್ಪಷ್ಟವಾಗಿ ಹೇಳಿ. ಬೆಳಿಗ್ಗೆ ಹನ್ನೊಂದಕ್ಕೆ ಕಚ್ಚಿದ್ದಕ್ಕೆ ಸಂಜೆ ಏಳಕ್ಕೆ ಬಿದ್ದ ಏಟು ಯಾವುದಕ್ಕೆಂದು ಎರಡು ವರ್ಷದ ಮಗುವಿಗೆ ಗೊತ್ತಾಗುವುದೇ ಇಲ್ಲ.

ಮಾತು ಬೆಳೆದು ಎರಡು ಮನೆಗಳ ಜಗಳವಾಗುವಂತಿದ್ದರೆ ಅಂಗನವಾಡಿಯ ಬಾಲವಿಕಾಸ ಸಮಿತಿ ಇದೆ. ಹೆತ್ತವರೇ ಸದಸ್ಯರಾಗಿರುವ ಈ ಸಮಿತಿ ಬಡಿಸುವ ಊಟದ ಲೆಕ್ಕಕ್ಕೆ ಮಾತ್ರ ಇರುವುದಲ್ಲ. ಯಾವ ಮಗುವಿನ ಹೆಸರನ್ನೂ ಎತ್ತದೆ "ಈ ವಯಸ್ಸಿನ ಮಕ್ಕಳು ಕಚ್ಚುತ್ತಾರೆ, ನಾವು ಹೀಗೆ ನಿಭಾಯಿಸುತ್ತೇವೆ" ಎಂದು ವರ್ಷದ ಆರಂಭದಲ್ಲೇ ಸಭೆಯಲ್ಲಿ ಹೇಳಿಟ್ಟರೆ, ಮೊದಲ ಹಲ್ಲಿನ ಗುರುತು ಬಿದ್ದ ದಿನ ಯಾರೂ ಬೆಚ್ಚಿಬೀಳುವುದಿಲ್ಲ.

ಮನೆಯಲ್ಲಿ ಹೆತ್ತವರು ಮಾಡಬಹುದಾದದ್ದು

ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಬೆಳಿಗ್ಗೆ ಬೇಗ ಏಳಬೇಕಾದರೆ ರಾತ್ರಿ ಧಾರಾವಾಹಿ ಮುಗಿಯುವವರೆಗೆ ಮಗು ಎಚ್ಚರವಿರಬಾರದು.

ಮೊಬೈಲು. ಅದೇ ಮಾರ್ಗಸೂಚಿ ಒಂದು ವರ್ಷದ ಮಗುವಿಗೆ ಪರದೆ ಬೇಡವೆಂದೂ, ಎರಡು ವರ್ಷದಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ. ಮೊಬೈಲು ಕೈಗೆ ಕೊಟ್ಟರೆ ಮಗು ಸುಮ್ಮನಿರುತ್ತದೆ, ನಿಜ. ಆದರೆ ಸುಮ್ಮನಿರುವ ಮಗು ಮಾತು ಕಲಿಯುವುದಿಲ್ಲ. ಮಾತು ಬಾರದ ಮಗು ಕಚ್ಚುತ್ತದೆ.

ಮಾತು. ಅಡುಗೆ ಮಾಡುತ್ತಾ, ಹಸುವಿಗೆ ಹುಲ್ಲು ಹಾಕುತ್ತಾ, ಬಟ್ಟೆ ಮಡಿಸುತ್ತಾ ಮಗುವಿನೊಡನೆ ಮಾತಾಡಿ. "ಸಿಟ್ಟು ಬಂತಾ? ಬೇಜಾರಾಯ್ತಾ?" ಎಂದು ಮನಸ್ಸಿನ ಸ್ಥಿತಿಗೂ ಹೆಸರು ಕೊಡಿ. ಅಜ್ಜಿಯ ಕತೆಯಷ್ಟು ಒಳ್ಳೆಯ ಔಷಧಿ ಇದಕ್ಕಿಲ್ಲ.

ಆಟದ ಕಚ್ಚಾಟ. ಮಗು ತಮಾಷೆಗೆ ಕಚ್ಚಿದಾಗ ಮನೆಯವರೆಲ್ಲ ನಕ್ಕರೆ, ಅದೇ ಕೆಲಸಕ್ಕೆ ಕೇಂದ್ರದಲ್ಲಿ ಬೈಗುಳ ಸಿಕ್ಕರೆ, ಮಗು ಏನೆಂದು ತಿಳಿಯಬೇಕು? ಮನೆ ಮತ್ತು ಕೇಂದ್ರದಲ್ಲಿ ಒಂದೇ ಮಾತು, ಒಂದೇ ನಿಯಮ ಇರಲಿ.

ತಜ್ಞರ ಬಳಿ ಯಾವಾಗ ಹೋಗಬೇಕು?

ಹೆಚ್ಚಿನ ಮಕ್ಕಳಲ್ಲಿ ಮಾತು ಬಂದಂತೆ ಕಚ್ಚುವುದು ಕಡಿಮೆಯಾಗುತ್ತದೆ. ಆದರೆ ಕೆಳಗಿನ ಲಕ್ಷಣಗಳಿದ್ದರೆ ಕಾಯಬಾರದು:

- ಎರಡು ವರ್ಷ ತುಂಬಿದರೂ "ಅಮ್ಮ ಬಾ" ಎಂಬಂತೆ ಎರಡು ಪದ ಜೋಡಿಸಿ ಮಾತಾಡದಿರುವುದು
- ಹೆಸರು ಕರೆದರೆ ತಿರುಗದಿರುವುದು, ಕಣ್ಣಿಗೆ ಕಣ್ಣು ಕೊಡದಿರುವುದು
- ಬಂದಿದ್ದ ಮಾತು ನಿಂತುಹೋಗುವುದು
- ತಲೆ ಚಚ್ಚಿಕೊಳ್ಳುವುದು, ತನ್ನನ್ನೇ ಕಚ್ಚಿಕೊಳ್ಳುವುದು
- ಮೂರೂವರೆ, ನಾಲ್ಕು ವರ್ಷವಾದರೂ ದಿನವೂ ಕಚ್ಚುವುದು, ದಿನೇ ದಿನೇ ಹೆಚ್ಚುವುದು
- ಮಗುವಿನ ಮೈಮೇಲೆ ಏಟಿನ ಗುರುತು, ವಿಪರೀತ ಹೆದರಿಕೆ ಕಾಣುವುದು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ದಿನ ತೂಕ ನೋಡಿಸಿ ಮುಗಿಸದೆ ಈ ಮಗುವಿನ ನಡತೆಯನ್ನೂ ಹೇಳಬೇಕು. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇವೆ. ಹೆತ್ತವರಿಗೇ ಮನಸ್ಸು ಕುಸಿದಂತಾದರೆ, 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಹೊರಗೆ ಹಾಕುವುದು ಪರಿಹಾರವಲ್ಲ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ 2005ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ಬೆಳಕಿಗೆ ತಂದರು. ಅಲ್ಲಿ ಶಾಲೆಗಳಿಂದ ಹೊರಹಾಕಲ್ಪಡುವ ಮಕ್ಕಳಿಗಿಂತ ಶಾಲಾಪೂರ್ವ ತರಗತಿಗಳಿಂದ ಹೊರಹಾಕಲ್ಪಡುವ ಪುಟಾಣಿಗಳ ಪ್ರಮಾಣ ಮೂರು ಪಟ್ಟಿಗೂ ಹೆಚ್ಚಿತ್ತು. ಆದರೆ ಮಕ್ಕಳ ನಡತೆಯ ಕುರಿತು ಸಲಹೆ ಕೊಡುವ ತಜ್ಞರು ಶಿಕ್ಷಕಿಗೆ ಸಿಗುವ ಕಡೆಗಳಲ್ಲಿ ಈ ಪ್ರಮಾಣ ಕಡಿಮೆಯಿತ್ತು. ಎಂದರೆ ಮಗುವನ್ನು ಉಳಿಸಿಕೊಳ್ಳಬೇಕಾದರೆ ಶಿಕ್ಷಕಿಗೆ ಬೆಂಬಲ ಸಿಗಬೇಕು.

ನಮ್ಮಲ್ಲೂ ಹಾಗೆಯೇ. ಅಂಗನವಾಡಿ ಕಾರ್ಯಕರ್ತೆಗೆ ಸಮೀಕ್ಷೆ, ದಾಖಲೆ ಪುಸ್ತಕ, ಮೊಬೈಲ್ ನಮೂದು, ಸಭೆ ಎಲ್ಲವೂ ಇವೆ. ಅವುಗಳ ನಡುವೆ ಒಂದು ಮಗುವಿನಿಂದ ಒಂದು ಕೈ ದೂರದಲ್ಲಿ ಎರಡು ವಾರ ಇರು ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಮೇಲ್ವಿಚಾರಕಿಯರು ಆ ಎರಡು ವಾರ ಆಕೆಯ ಬೇರೆ ಹೊರೆ ಇಳಿಸಬೇಕು. ಬಾಲವಿಕಾಸ ಸಮಿತಿಯ ತಾಯಂದಿರು ಬಿಡುವಿದ್ದಾಗ ಸರದಿಯಲ್ಲಿ ಒಂದು ಗಂಟೆ ಬಂದು ಕುಳಿತು ಕೈಜೋಡಿಸಬಹುದು. ಕಚ್ಚಿದ ಮಗುವಿನ ತಾಯಿಯೂ, ಕಚ್ಚಿಸಿಕೊಂಡ ಮಗುವಿನ ತಾಯಿಯೂ ಹಾಗೆ ಬಂದು ಒಂದು ಗಂಟೆ ಆ ಕೋಣೆಯಲ್ಲಿ ಕುಳಿತರೆ ಇಬ್ಬರಿಗೂ ಬಹಳ ವಿಷಯ ತಿಳಿಯುತ್ತದೆ.

ಸಂಜೆ ಬಾಗಿಲಲ್ಲಿ ನಿಂತ ಆ ಇಬ್ಬರು ತಾಯಂದಿರು ಮರುದಿನ ಬೆಳಿಗ್ಗೆ ಒಂದೇ ವ್ಯಾನಿನಲ್ಲಿ, ಅಕ್ಕಪಕ್ಕದ ಸೀಟಿನಲ್ಲಿ ಕೂರಬೇಕಾದವರು. ಅವರ ಮಕ್ಕಳು ಮುಂದೆ ಒಂದೇ ಶಾಲೆಯ ಬೆಂಚಿನಲ್ಲಿ ಕೂರುವವರು. ಇಂದು ಒಂದು ಮಗುವಿಗೆ "ಕಚ್ಚುವವನು" ಎಂಬ ಹೆಸರು ಅಂಟಿಸುವ ಬದಲು "ಮಾತು ಕಲಿಯುತ್ತಿರುವವನು" ಎಂದು ನಾವು ನೋಡಿದರೆ, ನೋವಾದ ಮಗುವಿಗೆ ರಕ್ಷಣೆ ಸಿಗುತ್ತದೆ, ನೋವು ಕೊಟ್ಟ ಮಗುವಿಗೆ ದಾರಿ ಸಿಗುತ್ತದೆ. ಹಲ್ಲಿನ ಗುರುತು ವಾರದಲ್ಲಿ ಮಾಯುತ್ತದೆ. ನಾವು ಕೊಟ್ಟ ಹೆಸರು ಅಷ್ಟು ಬೇಗ ಮಾಯುವುದಿಲ್ಲ. ಆದುದರಿಂದ ಹೆಸರಿಡುವ ಮೊದಲು ನೋಟ್‌ಬುಕ್ ತೆರೆಯೋಣ, ಮಗುವಿನ ಪಕ್ಕದಲ್ಲಿ ಕೂರೋಣ.